ಜಟಕಾದ ಹಿಂಬದಿಯಲ್ಲಿ ಕೂತಿದ್ದವಳು

ನಾನು ಬೀಳಲಿಲ್ಲ, ಸುಶೀಲಾ — ಹಾರಿದೆ. ಜಟಕಾ ನನ್ನನ್ನು ಎಸೆಯಿತೆಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದದ್ದು ಸುಳ್ಳು. ನಿನಗದು ಗೊತ್ತಿತ್ತು. ಗೊತ್ತಿದ್ದೂ ನೀನು —

ಸ್ವಾತಂತ್ರ್ಯ ಬಂದ ಮರುವರ್ಷ. ಇಬ್ಬರೂ ಬಿ.ಎ. ಓದುತ್ತಿದ್ದೆವು. ಬೆಟ್ಟದ ಮೆಟ್ಟಿಲು ಹತ್ತಿಳಿದು ಕಾಲು ಸೋತು, ತಪ್ಪಲಿನಲ್ಲಿ ಕಾಳಪ್ಪನ ಜಟಕಾ ಹತ್ತಿದೆವು. ನೀನು ಮುಂದೆ, ಅವನ ಬೆನ್ನ ಹಿಂದೆಯೇ. ನಾನು ಹಿಂಬದಿಯಲ್ಲಿ, ಕಾಲು ಇಳಿಬಿಟ್ಟುಕೊಂಡು. "ಕುದುರೆಗಿಂತ ನೀನೇ ಜಾಸ್ತಿ ಏದುಸಿರು ಬಿಡ್ತಿದೀಯಲ್ಲೇ" ಎಂದು ನಗುತ್ತಿದ್ದೆ ನೀನು. ಇಳಿಜಾರಿನಲ್ಲಿ ಲಾರಿಯೊಂದರ ಹಾರನ್ನಿಗೆ ಕುದುರೆ ಬೆದರಿ ಓಟ ಕಿತ್ತಿತು.

"ಇಬ್ರೂ ಹಿಂದ್ಕೆ ಸರ್ಕಳಿ ಕಣ್ರವ್ವಾ! ಇಳೀಬ್ಯಾಡಿ, ಮುಂಭಾರ ಆಗ್ಬುಡ್ತದೆ!"

ಭಾರ ಮುಂದಕ್ಕೆ ವಾಲಿದರೆ ಇಳಿಜಾರಿನಲ್ಲಿ ಕುದುರೆ ಮುಗ್ಗರಿಸುತ್ತದೆ. ಜಟಕಾದವನ ಮಾತಿಗೆ ಹಿಂದೆ ಮುಂದೆ ಸರಿಯುತ್ತಲೇ ಬೆಳೆದ ನಮಗೆ ಅದನ್ನು ಯಾರೂ ಕಲಿಸಬೇಕಿರಲಿಲ್ಲ. ನೀನು ಜಟಕಾದೊಳಗೆ ಹಾಸಿದ್ದ ಹುಲ್ಲಿನ ಮೇಲೆ ಮೊಣಕಾಲೂರಿ ನನ್ನ ಕಡೆಗೇ ತೆವಳುತ್ತಿದ್ದೆ. "ಅಲ್ಲೇ ಕೂತಿರೇ, ಬಂದೆ" ಎಂದೆ ನೀನು. ನಾನು ನಿನ್ನನ್ನು ನೋಡಿದೆ, ರಸ್ತೆಯನ್ನು ನೋಡಿದೆ. ಬದಿಯಲ್ಲಿ ಮರಳಿನ ರಾಶಿಯೊಂದು ಹತ್ತಿರ ಬರುತ್ತಿತ್ತು —

ನನಗೆ ಮೊಣಕೈ ತರಚಿತು, ಅಷ್ಟೆ. ಕುದುರೆ ಮುಂಗಾಲು ಮಡಚಿ ಕುಸಿದ ಸದ್ದು, ಆಮೇಲೆ ನಿನ್ನ ಕೂಗು. ಇಂದಿಗೂ ಅಡುಗೆಮನೆಯಲ್ಲಿ ಕೊಡವೊಂದು ಉರುಳಿದರೆ ಸಾಕು, ಕೈ ಕಂಬ ಹುಡುಕುತ್ತದೆ.

ಆಸ್ಪತ್ರೆಯಲ್ಲಿ ನಿನ್ನ ತಾಯಿ ಕೇಳಿದರು: "ನೀನೆಂಗೆ ಬಚಾವಾದ್ಯಮ್ಮಾ?"

"ಜಟಕಾ ಎಸೆದ್ಬಿಡ್ತು."

ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದ ನಿನ್ನ ಕಣ್ಣು ತೆರೆದೇ ಇತ್ತು. ನನ್ನನ್ನೊಮ್ಮೆ ನೋಡಿ ಗೋಡೆಯ ಕಡೆ ಮುಖ ತಿರುಗಿಸಿದೆ. ಕಾಳಪ್ಪ ಕುಡಿದಿದ್ದನೆಂದು ಜನ ತೀರ್ಮಾನಿಸಿದರು. "ಆ ಅವ್ವ ಇಳಿದ್ಬುಟ್ರು ಸ್ವಾಮೀ" ಎಂದು ಅವನು ಗೋಗರೆದದ್ದು ನನಗೂ ಕೇಳಿಸಿತ್ತು. ನನ್ನ ಮಾತು ಬದಲಿಸಲಿಲ್ಲ.

ನೀನು ಜಗಳವಾಡಲಿಲ್ಲ. ಬರುವುದನ್ನು ಕಡಿಮೆ ಮಾಡಿದೆ, ಆಮೇಲೆ ನಿಲ್ಲಿಸಿದೆ. ಪ್ರತಿ ದಸರೆಗೂ ನಾನು ಗೊಂಬೆ ನೋಡಲು ಬಾ ಎಂದು ಹೇಳಿಕಳಿಸುತ್ತಿದ್ದೆ. ನೀನು ಬರದಿದ್ದಾಗ, "ಮೇಡಂ ಆದ್ಮೇಲೆ ಸುಶೀಲಂಗೆ ಜಂಬ" ಎಂದು ಬಂದವರೆದುರು ನಗುತ್ತಿದ್ದೆ.

ಹೋದ ವಾರ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಸಿಕ್ಕೆ. ಆ ಕಾಲನ್ನು ನೀನು ಈಗಲೂ ಕೊಂಚ ಎಳೆದೇ ನಡೆಯುತ್ತೀಯ. ಕೈ ಹಿಡಿದು ಮನೆಗೆ ಕರೆದೆ. ನೀನು ಮೆಲ್ಲಗೆ ಬಿಡಿಸಿಕೊಂಡೆ.

"ಬೇಡ ಕಣೇ. ಕೋಪ ಏನಿಲ್ಲ, ಅದೆಲ್ಲ ಯಾವತ್ತೋ ಹೋಯ್ತು. ನಿನ್ನ ಪಕ್ಕ ಕೂತ್ರೆ ಭಯ ಆಗತ್ತೆ, ಅಷ್ಟೇ."

ಕೋಪವಾಗಿದ್ದರೆ ಕಾಲು ಹಿಡಿದಾದರೂ ಕೇಳಿಕೊಳ್ಳುತ್ತಿದ್ದೆ. ಇದಕ್ಕೆ — ಏನು ಮಾಡಲಿ?

ಕಾಳಪ್ಪನ ಮನೆ ಹುಡುಕಿಕೊಂಡು ಹೋಗಬೇಕು. ಅವನು ಇದ್ದಾನೋ ಇಲ್ಲವೋ. ಈ ದಸರೆಗೆ ನಿನಗೆ ಹೇಳಿಕಳಿಸುವುದಿಲ್ಲ. ಗೊಂಬೆ ನೋಡಲು ಬಂದವರು, "ಸುಶೀಲಮ್ಮ ಈ ಸಲವೂ ಬರ್ಲಿಲ್ವಾ?" ಎಂದು ಕೇಳಿಯೇ ಕೇಳುತ್ತಾರೆ. ಜಂಬ ಎನ್ನುವುದಿಲ್ಲ. ಅವಳು ನನ್ನ ಕಡೆಗೇ ಬರುತ್ತಿದ್ದಳು, ನಾನು ಹಾರಿಬಿಟ್ಟೆ ಎನ್ನುತ್ತೇನೆ.