ಹಸಿರು ಬಳೆಯ ಗೊಂಬೆ ಅಜ್ಜಿ

ಮದುವೆ ವಿಡಿಯೋದಲ್ಲಿ ಗಂಡು-ಹೆಣ್ಣನ್ನು ಗುಲಾಬಿಯೊಳಗೆ ಕೂಡಿಸುವುದು, ಮೋಡದ ಮೇಲೆ ನಿಲ್ಲಿಸುವುದು ಮಹಾರಾಷ್ಟ್ರದ ಗಡಿಯ ಉಮರಗಾದಲ್ಲಿ ನನ್ನ ಧಂದೆ. ಯಾರೂ ಕಲಿಸಲಿಲ್ಲ, ಕೆಡಿಸಿ ಕೆಡಿಸಿಯೇ ಕಲಿತೆ. ಹೀಗಿರುವಾಗ ನಿಲಂಗಾದಿಂದ ಬಾಲವಾಡಿ ನಡೆಸುವ ಬಾಯಾರೊಬ್ಬರು, ಅಂದರೆ ಟೀಚರು, ಬಂದರು.

"ನಮ್ಮ ಕನ್ನಡದ ಮಕ್ಕಳಿಗೆ ಗೊಂಬಿ ಆಡಿಸಿ ಎಣಿಕಿ ಕಲಿಸೋ ವಿಡಿಯೋ ಬೇಕ್ರಿ. ಹತ್ತು ಪಾಠ. ಆಗ್ತದೇನು?"

ಆಗ್ತದ ಅಂದುಬಿಟ್ಟೆ. ಮೊದಲು ಹೂಂ ಅನ್ನಬೇಕು, ಹೆದರಿಕೆ ಆಮೇಲೆ. ಬಾಯಾರು ಒಂದು ಕರಾರು ಹಾಕಿದರು: ಮೊದಲ ಪಾಠವನ್ನು ಸೋಮವಾರ ಮಕ್ಕಳ ಮುಂದೆ ಹಚ್ಚುವುದು. ಅವು ಕೂತು ನೋಡಿದರೆ ಉಳಿದ ಒಂಬತ್ತೂ ನನಗೆ, ಎದ್ದು ಓಡಿದರೆ ಲಾತೂರಿನ ಇನ್ನೊಬ್ಬರಿಗೆ.

ಗೊಂಬೆ ಹೊಲಿದವರು ನನ್ನ ವೈನಿ, ಅಣ್ಣನ ಹೆಂಡತಿ, ಉದಗೀರದ ಮಗಳು. ಹಳೆಯ ಕೆಂಪು ಸೀರೆ ಹರಿದು ಒಂದು ಅಜ್ಜಿ ಮಾಡಿದರು. ಬಟ್ಟೆಯ ಬೆರಳು ಎಣಿಸಲು ಮಡಿಯುವುದಿಲ್ಲವಲ್ಲ, ಅದಕ್ಕೆ ವೈನಿ ಮೇಜಿನ ಕೆಳಗೆ ಕೂತು ಎಡಗೈಯನ್ನು ಗೊಂಬೆಯ ತಲೆಯೊಳಗಿಟ್ಟು, ಬಲಗೈಯನ್ನು ಅದರ ಕುಪ್ಪಸದ ತೋಳಿನಿಂದ ಹೊರಗೆ ಚಾಚಿದರು. ಅಜ್ಜಿಗೆ ಜೀವಂತ ಕೈ ಬಂತು. ಆ ಕೈ ಒಂದು, ಎರಡು ಎಂದು ಬೆರಳು ಮಡಿಸುತ್ತ ಹೋದಾಗ ನಾನೂ ಜೊತೆಗೆ ಎಣಿಸತೊಡಗಿದೆ. ತೊಂಬತ್ಮೂರರ ಭೂಕಂಪ ಆದ ಮೇಲೆ ಸ್ಲ್ಯಾಬಿನ ಕೆಳಗೆ ಮಲಗಲೊಲ್ಲೆ ಎಂದು ಅವ್ವ ಹಾಕಿಸಿಕೊಂಡಿದ್ದ ಪತ್ರಾದ, ಅಂದರೆ ತಗಡಿನ ಕೋಣೆಯೇ ನಮ್ಮ ಸ್ಟುಡಿಯೋ. ಬಿಸಿಲೇರಿದಂತೆ ಪತ್ರಾ ಟಕ್ ಟಕ್ ಎನ್ನುತ್ತಿತ್ತು. ಯಾರಿಗೂ ಅದರ ಖಬರು ಇರಲಿಲ್ಲ.

ಗೊಂಬೆಯ ಹಿಂದೆ ಹಸಿರು ಪರದೆ ಕಟ್ಟಿದ್ದೆ. ಹಸಿರು ಕಂಡಲ್ಲೆಲ್ಲ ಕಂಪ್ಯೂಟರು ಅಳಿಸಿ, ಆ ಜಾಗಕ್ಕೆ ನಾವು ಕೊಟ್ಟ ಚಿತ್ರ ತುಂಬುತ್ತದೆ. ಜೋಳದ ಹೊಲ ಕೊಟ್ಟೆ. ಅಜ್ಜಿ ಹೊಲಕ್ಕೆ ಬಂದಳು, ಆದರೆ ಅವಳ ಅಂಗೈ ಮಣಿಕಟ್ಟಿನಿಂದ ಬೇರೆಯಾಗಿ ಗಾಳಿಯಲ್ಲಿ ತೇಲುತ್ತಿತ್ತು, ನಡುವೆ ಜೋಳದ ತೆನೆ. ವೈನಿಯ ಕೈತುಂಬ ಹಸಿರು ಗಾಜಿನ ಬಳೆ. ಕಣ್ಣೆದುರಿಗೇ ಇದ್ದದ್ದು ನನಗೆ ಕಂಡೇ ಇರಲಿಲ್ಲ. ನಮ್ಮ ಕಡೆ ಗರತಿಯ ಕೈಯಲ್ಲಿ ಹಸಿರು ಬಳೆ ಯಾರು ನೋಡ್ತಾರ್ರಿ, ಇಲ್ಲದಿದ್ದರೆ ಮಾತ್ರ ನೋಡ್ತಾರ.

"ವೈನಿ, ಅರ್ಧ ತಾಸು ಬಳಿ ತೆಗದಿಡ್ತೀರೇನು?"

"ನಿಮ್ಮ ಅಣ್ಣ ಟ್ರಕ್ ತಗೊಂಡು ಘಾಟಿನಾಗ ಹೊಂಟಾರ, ನಾ ಇಲ್ಲಿ ಕೈ ಬೋಳು ಮಾಡ್ಕೊಂಡು ಕೂಡ್ಲಿ? ಶಾಣ್ಯಾ ಇದ್ದೀರಿ ಭಾವೂಜಿ. ಬೇಕಾದ್ರ ನಿಮ್ಮ ಕೈ ಹಾಕ್ರಿ, ಅಜ್ಜಿಗಿ ಕೈತುಂಬ ಕೂದ್ಲಾ ಬರ್ತಾವ."

ಅವ್ವ ಒಳಗಿನಿಂದ ನಕ್ಕಳು. ಒಂದೊಂದೇ ಚಿತ್ರದಲ್ಲಿ ಬಳೆಯ ಸುತ್ತ ಗೆರೆ ಎಳೆದು ಅದನ್ನು ಅಳಿಯದಂತೆ ಉಳಿಸಬಹುದಿತ್ತು. ಆದರೆ ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ, ಅಂದು ಶನಿವಾರ. ಬುದ್ಧಿಮಾತು ಒಂದು ಹೇಳ್ತೀನಿ, ಇಟ್ಟುಕೊಳ್ರಿ: ಪರದೆಯ ಬಣ್ಣವನ್ನು ಆಡುವವರ ಮೈ ನೋಡಿ ಆರಿಸಬೇಕು. ಪರದೆಗಾಗಿ ಮನುಷ್ಯರನ್ನು ತಿದ್ದಲು ಹೋಗಬಾರದು.

ಹಸಿರು ಕೊಟ್ಟು ನೀಲಿ ತರೋಣವೆಂದು ಪರದೆ ಸುತ್ತಿ ಬಗಲಿಗಿಟ್ಟು, ಮದುವೆಗೆ ಮಂಡಪ ಹಾಕುವವನ ಗೋದಾಮಿಗೆ ನಡೆದೆ. ಅವನಲ್ಲಿ ನೀಲಿ ಬಟ್ಟೆಯ ಇಡೀ ಥಾನು ಮಡಿಚಿ ಇಟ್ಟಿತ್ತು. ಆಸೆ ಕಂಡರೆ ಬೆಲೆ ಏರಿಸುತ್ತಾನೆಂದು ನಾನು ನೀಲಿಯ ಕಡೆ ತಿರುಗಿಯೂ ನೋಡಲಿಲ್ಲ.

"ಹಸಿರು ಅಂದ್ರ ಮದುವಿ ಕಳೆ. ಈ ನೀಲಿ ಯಾರು ಕೇಳ್ತಾರ?" ಅಂದೆ.

"ಯಾರೂ ಕೇಳೂದಿಲ್ಲ. ಹಂಗಾರ ನಿನಗ್ಯಾಕ ಬೇಕು?"

ಕಳ್ಳ, ನನ್ನ ಆಟ ಹಿಡಿದುಬಿಟ್ಟ. ನಿಜ ಹೇಳಿದೆ. ಅವನು ಹಸಿರು ಬಟ್ಟೆ ಹಿಡಿದು ಎಳೆದು ನೋಡಿ, "ಎಕ್ದಮ್ ಪಕ್ಕಾ ಮಾಲು, ಇದನ್ನ ಬಿಟ್ಟು ನೀಲಿ ಒಯ್ಯಿ, ಆದರ ಅಜ್ಜಿನ ನಮ್ಮ ಹುಡುಗೀಗಿ ತೋರಸಬೇಕು" ಎಂದ. ನನ್ನ ಬದುಕಿನ ಅತಿ ಸಲೀಸಾದ ಸೌದಾ.

ನೀಲಿ ಬಟ್ಟೆಯಲ್ಲಿ ನೆರಿಗೆಯ ಗೆರೆಗಳು ಕೂತಿದ್ದವು. ಗೆರೆ ಇದ್ದಲ್ಲಿ ನೆರಳು, ನೆರಳಿದ್ದಲ್ಲಿ ಕಂಪ್ಯೂಟರಿಗೆ ಬೇರೆ ಬಣ್ಣ. ಅವ್ವ ನೀರು ಚಿಮುಕಿಸಿದಳು, ನಾನು ಇಸ್ತ್ರಿ ತಿಕ್ಕಿದೆ. ರವಿವಾರ ಮತ್ತೆ ಆಡಿಸಿದೆವು. ನೀಲಿ ಅಳಿಸಿದೆ. ಅಜ್ಜಿ ಹೊಲದ ಬದುವಿನ ಮೇಲೆ ಕೂತಿದ್ದಳು: ಕೈ ಇಡಿಯಾಗಿತ್ತು, ಬಳೆ ಬಿಸಿಲಿಗೆ ಮಿಂಚುತ್ತಿದ್ದವು. ನಾನು ಖುರ್ಚಿಯಿಂದ ಎದ್ದು ಕೋಣೆಯನ್ನು ಒಂದು ಸುತ್ತು ಹಾಕಿಬಂದೆ. ಕುಣಿದೆ ಅಂತ ವೈನಿ ಹೇಳ್ತಾರ. ಸುಳ್ಳೇನಲ್ಲ.

ಸೋಮವಾರ ನಿಲಂಗಾಕ್ಕೆ ವೈನಿಯೂ ಬಂದರು, ಗೊಂಬೆ ಚೀಲದಲ್ಲಿ. ವಿಡಿಯೋ ಹಚ್ಚಿದಾಗ ಒಬ್ಬ ಹುಡುಗಿ ಎದ್ದಳು. ಉಳಿದ ಒಂಬತ್ತೂ ಲಾತೂರಿಗೆ ಹೋದವು ಅಂದುಕೊಂಡೆ. ಆದರೆ ಅವಳು ಟೀವಿಯ ಹತ್ತಿರ ಹೋಗಿ ನಿಂತು, ಅಜ್ಜಿಯ ಜೊತೆ ತನ್ನ ಬೆರಳು ಮಡಿಸತೊಡಗಿದಳು. ಹಿಂದಿನವರು "ಏ, ಕೂಡ್ ಗ, ಕಾಣವಲ್ದು" ಎಂದು ಬೈದರು. ಐದನೆಯ ಬೆರಳಿಗೆ ಪಾಠ ಮುಗಿಯಿತು. ಮಕ್ಕಳು ಮಾತ್ರ ನಿಲ್ಲಲಿಲ್ಲ. ಆರು ಎಂದು ಕೂಗಿ ಅಜ್ಜಿಗಾಗಿ ಕಾದು ಕೂತರು.

ಬಾಯಾರು ನನ್ನ ಕಡೆ ತಿರುಗಿ, "ಆರು ಯಾವಾಗ ಕೊಡ್ತೀರಿ?" ಅಂದರು.

ನಾನು ದಿನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ವೈನಿ ಅಂದರು, "ಆರಕ್ಕ ಇನ್ನೊಂದು ಕೈ ಬೇಕ್ರಿ ಬಾಯಾರ. ನಂದೊಂದು ಅಜ್ಜಿ ತಲ್ಯಾಗ ಸಿಕ್ಕೊಂಡದ."

ಬಾಯಾರು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಲ್ಲೇ ಮೇಜಿನ ಕೆಳಗೆ, ಗೊಂಬೆ ತೊಟ್ಟ ವೈನಿಯ ಪಕ್ಕ ಕೂತರು. ಇಬ್ಬರೂ ಒಂದೊಂದು ಕೈ ಸೇರಿಸಿ ಆರನ್ನು ಹಿಡಿಯಲು ಕಲಿಯುತ್ತಿದ್ದರೆ, ಮಕ್ಕಳು ಮೇಲಿನಿಂದ ಅವರ ತಪ್ಪುಗಳನ್ನು ಎಣಿಸುತ್ತಿದ್ದರು.