ರತ್ನಕ್ಕನ ಮೂಗು

ರತ್ನಕ್ಕ ಹಾಲಿನ ಕ್ಯಾನಿನ ಮುಚ್ಚಳ ತೆಗೆದು ಬಗ್ಗಿದರೆ ಸಾಲಿನಲ್ಲಿ ನಿಂತ ಗಂಡಸರು ಮಾತು ನಿಲ್ಲಿಸುತ್ತಿದ್ದರು. ಉದ್ದನೆಯ ಮೂಗು, ಎರಡೂ ಕಡೆ ಮೂಗುಬೊಟ್ಟು. ಒಂದೇ ಸಲ ಉಸಿರೆಳೆದು ತಲೆ ಎತ್ತುವರು. ಬೇಡವೆಂದು ತಲೆ ಅಲ್ಲಾಡಿಸಿದರೆ ಆ ಹಾಲು ಬಂದ ದಾರಿಯಲ್ಲೇ ವಾಪಸ್ಸು. ಕೊಬ್ಬು ಎಷ್ಟಿದೆ ಎಂದು ಯಂತ್ರ ಹೇಳುತ್ತದೆ. ಕಾಯಿಸಿದರೆ ಒಡೆಯುವ ಹಾಲು ಯಾವುದು ಎಂದು ಆವನಿ ಪಕ್ಕದ ಆ ಊರಿನ ಡೈರಿಯಲ್ಲಿ ಹೇಳುತ್ತಿದ್ದದ್ದು ಮಾತ್ರ ಮುನಿರತ್ನಮ್ಮ ಎಂಬ ಈ ಹೆಂಗಸಿನ ಮೂಗು.

ಒಮ್ಮೆ ಅವರ ಮನೆಗೆ ಹೋಗಿದ್ದಾಗ ಜೊತೆಗೆ ಡೈರಿಗೂ ಹೋಗಿ ಕಣ್ಣಾರೆ ಕಂಡೆ. ಒಬ್ಬ ಹುಡುಗನ ಕ್ಯಾನಿಗೆ ಬಗ್ಗಿ, "ಏನ್ಲಾ ಮಂಜ, ಸೀಮೆಹಸೀಗೆ ಕೋಸಿನ ಎಲೆ ತಿನ್ಸಿದ್ಯಾ?" ಎಂದರು. ಅವನು ತಲೆ ಕೆರೆದುಕೊಂಡು, "ಮಾರ್ಕೆಟ್ಟಲ್ಲಿ ಮಿಕ್ಕಿತ್ತಕ್ಕ" ಎಂದ. "ಮಿಕ್ಕಿದ್ರೆ ನೀನ್ ತಿನ್ನು. ಅದರ ಬಾಯಿಗ್ಯಾಕೆ ತುರುಕ್ತೀಯ?" ಸಾಲೆಲ್ಲ ನಕ್ಕಿತು. ನನ್ನ ಅಕ್ಕ ಎಂದು ನನಗೆ ಹೆಮ್ಮೆಯೋ ಹೆಮ್ಮೆ.

ಒಡಹುಟ್ಟಿದ ಅಕ್ಕನಲ್ಲ. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಡೈರಿಯಾದರೆ, ಹತ್ತರಿಂದ ನಾಲ್ಕರವರೆಗೆ ಅವರು ಮುಳಬಾಗಿಲಿನಲ್ಲಿ ನಾಗರಾಜಣ್ಣನ ಸಾಂಬಾರ್ ಪುಡಿ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ಅವರು ಹುರಿಯುವವರು, ನಾನು ಪ್ಯಾಕೆಟ್ ತುಂಬುವವಳು. ನಾಗರಾಜಣ್ಣ ಅವರನ್ನು ಕರೆತಂದದ್ದೇ ಡೈರಿಯ ಮೂಗಿನ ಕೀರ್ತಿ ಕೇಳಿ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಒಳಗಿಂದ, "ಇವತ್ತು ಮುದ್ದೆ, ಬಸ್ಸಾರು. ಬೆಳ್ಳುಳ್ಳಿ ಜಾಸ್ತಿ ಆಯ್ತು ಕಣಮ್ಮ" ಎಂದು ನನ್ನ ಡಬ್ಬಿಯ ವಿಚಾರ ಹೇಳಿಬಿಡುತ್ತಿದ್ದರು. ನಾನು ಬಾಯಿಬಡುಕಿ. "ಶೋಭಾ, ಆ ಪ್ಯಾಕೆಟ್ಟಿಗೆ ಹೊಡಿಯೋ ಸೀಲು ನಿನ್ ಬಾಯಿಗೂ ಒಂದು ಹೊಡಿ" ಎಂದು ರೇಗಿಸುವರು. ಆದರೆ ನನ್ನ ಮನೆಯ ಗೋಳನ್ನೆಲ್ಲ ಕೇಳಿಸಿಕೊಂಡವರೂ ಅವರೇ. ಅದರಲ್ಲಿ ಒಂದು ಮಾತೂ ಅವರಿಂದ ಆಚೆ ಹೋಗಲಿಲ್ಲ.

ಕೊರೊನಾ ಎರಡನೇ ಸಲ ಬಂದಾಗ ಅವರನ್ನೂ ಹಿಡಿಯಿತು. ಜ್ವರ ಬಿಟ್ಟಿತು, ವಾಸನೆ ಮಾತ್ರ ಮರಳಲಿಲ್ಲ. ಡಾಕ್ಟರು ತಾನಾಗಿ ಬರುತ್ತದೆ ಎಂದರಂತೆ. ಇವರು ಯಾರಿಗೂ ಹೇಳದೆ ಕಾದರು. ಕ್ಯಾನಿಗೆ ಬಗ್ಗುವುದು, ಉಸಿರೆಳೆಯುವುದು, ತಲೆಯಾಡಿಸುವುದು ಎಲ್ಲ ಮೊದಲಿನಂತೆಯೇ. ಒಂದು ದಿನ ಹುಳಿ ಹಾಲು ಒಳಗೆ ಸೇರಿ, ಊರಿನ ಅಷ್ಟೂ ಹಾಲು ಕೆಟ್ಟು ವಾಪಸ್ ಬಂತು. ಡೈರಿಯ ಸೆಕ್ರೆಟರಿ ಕರೆದು ಕೇಳಿದಾಗ ನಿಜ ಹೇಳಿದರು. ಅವನು ಅಲ್ಲೇ ಕೆಲಸದಿಂದ ತೆಗೆದ.

ಅದನ್ನು ನನಗೆ ಹೇಳಿದ್ದು ಶೆಡ್ಡಿನ ಹಿಂದೆ, ಕೊಬ್ಬರಿ ಚೀಲದ ಪಕ್ಕ ಕೂತು. "ಡೈರಿಯಿಂದ ತೆಗೆದ್ರಮ್ಮ. ಮೂಗು ಸತ್ತೋಯ್ತು. ನಾಗರಾಜಣ್ಣಂಗೆ ತಿಳಿದ್ರೆ ಇದೂ ಹೋಗ್ತೈತೆ. ಯಾರ್ಗೂ ಅನ್ಬೇಡ. ಏಂ ಚೇಸ್ತಾಂ, ಏನ್ ಮಾಡೋದು, ಮನೇಲಿ ಉಣ್ಣೋ ಬಾಯಿ ಐದವೆ." ಬೇಸರ ಹೆಚ್ಚಾದಾಗ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು. ನಾನು ಅವರ ಕೈ ಹಿಡಿದು ಆಣೆ ಮಾಡಿದೆ.

ಆಮೇಲೆ ಅವರು ಹುರಿಯುವುದನ್ನು ನೋಡಬೇಕಿತ್ತು! ಬಾಣಲೆಯ ಕಡೆಗೆ ಕಿವಿ ಕೊಟ್ಟು ನಿಲ್ಲುವರು. ಧನಿಯಾ ಹಸಿಯಿರುವಾಗ ಸದ್ದು ಭಾರ, ಹದಕ್ಕೆ ಬಂದಾಗ ಹಗುರ. ಮೆಂತ್ಯವನ್ನು ಉಗುರಿನಿಂದ ಒತ್ತಿ ನೋಡುವರು, ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಕೊಬ್ಬರಿ ಕಮಟಾಗಿದೆಯೇ ಎಂಬುದು ಮಾತ್ರ ಕಿವಿಗೂ ಕೈಗೂ ಸಿಕ್ಕುವಂಥದ್ದಲ್ಲ. ಅದನ್ನು ದಿನಾ ನಾನು ಮೂಸಿ ಕಣ್ಣಲ್ಲೇ ಹೇಳುತ್ತಿದ್ದೆ. ಎಂಟು ತಿಂಗಳು ಹೀಗೆ ನಡೆಯಿತು. ಒಂದು ಪ್ಯಾಕೆಟ್ಟೂ ವಾಪಸ್ ಬರಲಿಲ್ಲ. ನಾಲ್ಕು ಗಂಟೆಗೆ ಎದ್ದು, "ಹಾಲಿನ ಹೊತ್ತಾಯ್ತು" ಎಂದು ಎಂದಿನಂತೆ ಹೊರಡುವುದನ್ನೂ ಅವರು ತಪ್ಪಿಸಲಿಲ್ಲ.

ಅದೇ ಮುಳುವಾಯಿತು. ಅವರ ಊರಿನವರೊಬ್ಬರು ಪುಡಿ ಕೊಳ್ಳಲು ಬಂದವರು, ರತ್ನಮ್ಮ ಡೈರಿ ಬಿಟ್ಟು ಬಹಳ ದಿನವಾಯಿತಲ್ಲ ಎಂದುಬಿಟ್ಟರು. ನಾಗರಾಜಣ್ಣ ತಡಮಾಡದೆ ಸೆಕ್ರೆಟರಿಗೆ ಫೋನ್ ಹಚ್ಚಿದರು. ಆ ಸೆಕ್ರೆಟರಿ ಎಂದರೆ ಊರಿಗೇ ಸಿಡುಕ. "ಅವ್ರು ಇಲ್ಲಿಲ್ಲ, ಅಷ್ಟೇ. ಯಾಕೆ ಏನು ಅನ್ನೋದು ನಮಗೂ ಅವ್ರಿಗೂ ಸೇರಿದ್ದು" ಎಂದು ಫೋನ್ ಇಟ್ಟನಂತೆ. ಊರಿನಲ್ಲೂ ಅವನು, ಎರಡು ಕಡೆ ಕೆಲಸ ಆಗುವುದಿಲ್ಲವೆಂದು ಅವರೇ ಬಿಟ್ಟರು ಎಂದಷ್ಟೇ ಹೇಳಿದ್ದ.

ಅಂದು ರತ್ನಕ್ಕ ಹೊರಟ ಮೇಲೆ ನಾಗರಾಜಣ್ಣ ನಮ್ಮೆಲ್ಲರ ಮುಂದೆ ಬಂದು ನಿಂತರು. "ಕೆಲಸ ಬಿಟ್ಟೋರು ಹಾಲಿನ ಹೊತ್ತು ಅಂತ ನಾಟಕ ಯಾಕೆ ಆಡ್ಬೇಕು? ಕೇಳಿದ್ರೆ ಆ ಮನುಷ್ಯ ಬಾಯಿ ಬಿಡಲ್ಲ. ಹಾಲು ಕದ್ದಿರ್ಬೇಕು. ಇಲ್ಲೂ ಸ್ವಲ್ಪ ಕಣ್ಣಿಟ್ಟಿರಿ."

ನನಗೆ ಮೈ ಉರಿದುಹೋಯಿತು. "ಕಳ್ಳಿ ಅಲ್ಲ ಅಣ್ಣ ಅವ್ರು! ಕೊರೊನಾದಲ್ಲಿ ವಾಸನೆ ಹೋಯ್ತು, ಅದಕ್ಕೇ ತೆಗೆದ್ರು. ವಾಸನೆ ಇಲ್ದೇನೇ ಎಂಟು ತಿಂಗ್ಳಿಂದ ಇಲ್ಲಿ ಹುರೀತಾವ್ರೆ, ನಿಮಗೇ ಗೊತ್ತಾಗ್ಲಿಲ್ಲ ನೋಡಿ! ಅಂಥ ಕೈ ಎಲ್ಲಿ ಸಿಗುತ್ತೆ?"

ಹೇಳಿ ಮುಗಿಸಿ ಎಲ್ಲರ ಮುಖ ನೋಡಿದೆ. ಭೇಷ್ ಎನ್ನುತ್ತಾರೆ ಎಂದುಕೊಂಡಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸಣ್ಣವಳಿದ್ದಾಗಿನಿಂದ ಕೇಳಿದವಳು ನಾನು. ಕಳ್ಳಿಯಲ್ಲ ಎಂದು ಹೇಳಿ ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅಕ್ಕನ ಮೇಲಿನ ಪ್ರೀತಿ ಮುಕ್ಕಾಲು ಪಾಲು ಇರಬಹುದು. ಉಳಿದ ಕಾಲು ಪಾಲು, ನನಗೊಬ್ಬಳಿಗೇ ಗೊತ್ತಿತ್ತು ಎಂಬ ಜಂಬ. ಇಷ್ಟು ದಿನವಾದ ಮೇಲೆ ಇದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಆ ವಾರವೇ ನಾಗರಾಜಣ್ಣ ಅವರನ್ನು ಕರೆದು ಮರ್ಯಾದೆಯಿಂದಲೇ ಹೇಳಿದರು. "ನಿಮ್ಮ ಕೆಲಸದಲ್ಲಿ ತಪ್ಪಿಲ್ಲ ರತ್ನಮ್ಮ. ವಾಸನೆ ಗೊತ್ತಾಗದೋರು ಹುರಿದ ಪುಡಿ ಅಂತ ನಾಳೆ ಅಂಗಡಿಯೋರ ಕಿವಿಗೆ ಬಿದ್ರೆ, ಜನರ ಬಾಯಿ ಮುಚ್ಚಕ್ಕಾಗುತ್ತಾ?" ರತ್ನಕ್ಕ ಒಲೆ ಆರಿಸಿ, ಬಾಣಲೆ ಒರೆಸಿ, ಸೆರಗು ಕೊಡವಿಕೊಂಡು ಹೊರಗೆ ಬಂದರು. ನಾನು ಹಿಂದೆಯೇ ಅಳುತ್ತಾ ಓಡಿದೆ.

"ಅಕ್ಕಾ, ಅವ್ರು ನಿಮ್ಮನ್ನ ಕಳ್ಳಿ ಅಂದ್ರು. ಕೇಳಿಸ್ಕೊಂಡು ಹೆಂಗೆ ಸುಮ್ನಿರ್ಲಿ?"

"ಅಂದ್ಕೊಂಡ್ರೆ ಅಂದ್ಕೊಳ್ಲಿ ಅಂತ ಬಿಡ್ಬೇಕಿತ್ತು ಕಣಮ್ಮ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಕಳ್ಳಿ ಅನ್ನಕ್ಕೆ ಅವ್ರ ಹತ್ರ ಸಾಕ್ಷಿ ಇರ್ಲಿಲ್ಲ. ನಾಕು ದಿನ ಅಂದು ಸುಮ್ಕಾಗೋರು. ಮೂಗಿಲ್ಲ ಅನ್ನಕ್ಕೆ ನೀನೇ ಸಾಕ್ಷಿ ಆಗ್ಬಿಟ್ಟೆ."

ಅವರನ್ನು ಕೆಲಸದಿಂದ ತೆಗೆದ ಸಿಡುಕ ಬಾಯಿ ಬಿಡಲಿಲ್ಲ. ಅಕ್ಕ ಅಕ್ಕ ಎಂದು ಬೆನ್ನು ಹತ್ತಿದ್ದ ನಾನು ಬಿಟ್ಟೆ. ಅವನ ಮೇಲೆ ನನಗೆ ಎಷ್ಟು ಸಿಟ್ಟಿತ್ತು! ಈಗ ದಾರಿಯಲ್ಲಿ ಎದುರಾದರೆ ನಾನೇ ತಲೆ ತಗ್ಗಿಸುತ್ತೇನೆ.

ಮುಂದಿನ ವರ್ಷ ಮಾವಿನ ಕಾಲದಲ್ಲಿ, ಅವರು ಶ್ರೀನಿವಾಸಪುರದಲ್ಲಿ ತಂಗಿಯ ಮನೆಯಲ್ಲಿದ್ದಾರೆಂದು ತಿಳಿದು ಹುಡುಕಿಕೊಂಡು ಹೋದೆ. ತಪ್ಪಾಯಿತು ಎಂದು ಕಾಲು ಹಿಡಿಯುವುದೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ತಂಗಿ ತೋರಿಸಿದ ಮಾವಿನ ಮಂಡಿಯೊಂದರಲ್ಲಿ ರತ್ನಕ್ಕ ಹೆಂಗಸರ ಜೊತೆ ನೆಲಕ್ಕೆ ಕೂತು, ಹಣ್ಣಾದದ್ದು, ದೋರೆಗಾಯಿ, ಕಾಯಿ ಎಂದು ಬೇರೆ ಬೇರೆ ಮಾಡುತ್ತಿದ್ದರು. ಪಕ್ಕದವರು ಹಣ್ಣನ್ನು ಮೂಗಿಗೆ ಹಿಡಿದು ನೋಡುತ್ತಿದ್ದರು. ರತ್ನಕ್ಕನೂ ಹಿಡಿಯುತ್ತಿದ್ದರು, ಆದರೆ ಅಷ್ಟರೊಳಗೆ ಹೆಬ್ಬೆರಳು ತೊಟ್ಟಿನ ಬುಡವನ್ನು ಒತ್ತಿ ನೋಡಿ ಆಗಿರುತ್ತಿತ್ತು. ಇಲ್ಲೂ ಯಾರಿಗೂ ಹೇಳಿಲ್ಲ ಎಂದು ನನಗೆ ಅರ್ಥವಾಯಿತು.

ಬಾಗಿಲಲ್ಲಿ ನಿಂತಿದ್ದ ನನ್ನನ್ನು ಮಂಡಿಯ ಯಜಮಾನರು ನೋಡಿ, "ಯಾರು ಬೇಕಮ್ಮ? ನಮ್ಮ ರತ್ನಮ್ಮನ ಕಡೆಯೋರಾ?" ಎಂದರು. ನಾನು ಹೂಂ ಎಂದೆ. "ಒಳ್ಳೇ ಕೆಲಸಗಾರ್ತಿ. ಮುಂಚೆ ಅಲ್ಲಿ ಎಲ್ಲಿ ಕೆಲಸ ಮಾಡ್ತಿದ್ರು? ಯಾಕೆ ಬಿಟ್ರು? ಕೇಳಿದ್ರೆ ಹೇಳೋದೇ ಇಲ್ಲ."

ರತ್ನಕ್ಕನ ಕೈ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ಅಷ್ಟು ಭಯವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಆ ಭಯ ನನ್ನನ್ನು ಕಂಡು ಹುಟ್ಟಿದ್ದು.

"ನಂಗೊತ್ತಿಲ್ಲ ಅಣ್ಣ" ಎಂದೆ. "ನಾನು ಅವ್ರಿಗೆ ಅಷ್ಟೇನೂ ಪರಿಚಯದೋಳಲ್ಲ."

ರತ್ನಕ್ಕ ಇನ್ನೊಂದು ಹಣ್ಣು ಕೈಗೆತ್ತಿಕೊಂಡರು. "ಹೂಂ ಅಣ್ಣಾ" ಎಂದರು. "ನೋಡಿದ ಮುಖ, ಅಷ್ಟೇ."