ಹೊರೆಗಲ್ಲಿನಿಂದ ಹೊರೆಗಲ್ಲಿಗೆ

ಅವರ ಬಲಗೈ ಕಿರುಬೆರಳಿನ ಉಗುರು ಸದಾ ಹಳದಿ. ಅರಿಶಿನದ ಹಳದಿಯಲ್ಲ, ಕಿಲೋಮೀಟರ್ ಕಲ್ಲಿನ ತಲೆಗೆ ಬಳಿಯುವ ಎಣ್ಣೆಬಣ್ಣದ ಹಳದಿ. ಅಕ್ಷರ ಬರೆಯುವಾಗ ಆ ಬೆರಳೊಂದನ್ನು ಹಲಗೆಗೆ ಊರಿ, ಉಳಿದ ಕೈಯನ್ನು ಮೇಲೆತ್ತಿ ಕುಂಚ ಎಳೆಯುತ್ತಿದ್ದರು. ಕೈ ಒಂದು ಕೂದಲಿನಷ್ಟೂ ಅಲುಗುತ್ತಿರಲಿಲ್ಲ. ಅದೇ ಹೊತ್ತಿಗೆ ಕೆಳಗೆ ಅವರ ಎಡಗಾಲು ಟಪಟಪ ನೆಲ ಬಡಿಯುತ್ತಿರುತ್ತಿತ್ತು. ಕೂತರೂ, ನಿಂತರೂ, ಚಹಾ ಕುಡಿಯುವಾಗಲೂ ಆ ಕಾಲಿಗೆ ಬಿಡುವಿಲ್ಲ. ಮೊದಲ ದಿನ ಅದನ್ನು ನೋಡಿ ನೋಡಿ ನನಗೆ ತಲೆನೋವೇ ಬಂದಿತ್ತು.

ನಾನೇನು ಶಾಂತಮೂರ್ತಿಯಲ್ಲ. ಹೊಸಪೇಟೆಯ ಒಂದು ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದೆ. ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಎಂಬ ಈ ಹಳೆಯ ಊರುಗಳನ್ನು ಮುಟ್ಟಿಕೊಂಡು ಹೋಗುವ ರಸ್ತೆಗೆ ಪಾರಂಪರಿಕ ಹೆದ್ದಾರಿ ಎಂದು ಹೆಸರಿಟ್ಟು, ದಾರಿಯುದ್ದಕ್ಕೂ ಪ್ರವಾಸಿಗರಿಗೆ ಫಲಕ ನೆಡಿಸುವುದು ನಮಗೆ ಬಂದ ಕೆಲಸ. ಗುತ್ತಿಗೆ ಮುಗಿಯುವುದರೊಳಗೆ ಒಂದು ಹೆಸರು ಮಾಡಿ ಕೆಲಸ ಕಾಯಂ ಮಾಡಿಸಿಕೊಳ್ಳಬೇಕು ಎಂಬ ಒಂದೇ ಧ್ಯಾನ ನನ್ನದು. ಆ ಉತ್ಸಾಹದಲ್ಲಿ ಒಂದು ಸಭೆಯಲ್ಲಿ ಬಾಯಿ ಹಾಕಿದ್ದೆ: ಹಳೆಯ ಊರುಗಳಿಗೆ ಅಂಗಡಿಯಲ್ಲಿ ಪ್ರಿಂಟ್ ಹಾಕಿದ ಸ್ಟಿಕರ್ ಫಲಕ ಯಾಕೆ, ಕೈಯಲ್ಲಿ ಬರೆಸೋಣ. ಮೇಲಿನವರಿಗೆ ಅದು ಹಿಡಿಸಿತು. ಮೊದಲು ಕೆಲವು ಫಲಕ ಬರೆಸಿ, ಚೆನ್ನಾಗಿದ್ದರೆ ಇಡೀ ರಸ್ತೆಗೂ ಹಾಗೇ ಮಾಡುವ ಎಂದರು. ಹುಡುಕಿದಾಗ ಸಿಕ್ಕವರು ಈ ಪೇಂಟರ್.

ಅರವತ್ತು ದಾಟಿತ್ತು. ಒಂದು ಕಾಲದಲ್ಲಿ ಲಾರಿಗಳ ಹಿಂಬದಿ, ಅಕ್ಕಿ ಗಿರಣಿಗಳ ಗೋಡೆ, ಶಾಲೆಗಳ ಕಮಾನು ಎಲ್ಲ ಅವರ ಕೈಯವೇ. ಫ್ಲೆಕ್ಸ್ ಬಂದ ಮೇಲೆ ಯಾರೂ ಕರೆಯುತ್ತಿರಲಿಲ್ಲ. ನಾನು ಕೆಲಸದ ವಿಷಯ ಹೇಳಿದಾಗ ಕೂಲಿ ಎಷ್ಟೆಂದು ಕೇಳಲೇ ಇಲ್ಲ. "ಎಷ್ಟ್ ದಿನ ನಿಲ್ತಾವ್ರಿ ಈ ಬೋರ್ಡು?" ಎಂದು ಕೇಳಿದರು. ಸರಿಯಾಗಿದ್ದರೆ ಹತ್ತು ವರ್ಷವಾದರೂ ನಿಲ್ಲುತ್ತವೆ ಎಂದೆ. ಅವರ ಕಾಲು ಇನ್ನೂ ಜೋರಾಗಿ ಬಡಿಯಿತು. "ಹಂಗಾರ ಸಾಕ್ ಬಿಡ್ರಿ. ನಾನು ಹೋದ್ರೂ ನನ್ನ ಅಕ್ಷರ ರೋಡಿನ್ಯಾಗ ಇರ್ತಾವ" ಎಂದರು.

ಅವರ ಜೊತೆ ಕೆಲಸ ಮಾಡುವುದೆಂದರೆ ಒಂದು ಕಡೆ ನಿಲ್ಲದಿರುವುದು. ಊರಿನ ಹೆಸರು ಬರೆಯುವ ಮುಂಚೆ ಆ ಊರಿಗೆ ಒಮ್ಮೆ ಹೋಗಿ ಬರಲೇಬೇಕು ಎಂಬುದು ಅವರ ಕಟ್ಟಪ್ಪಣೆ. ನೂರು ಸಲ ನೋಡಿದ ಊರಾದರೂ ಸರಿ. "ಹ್ವಾದ ವಾರ ನೋಡಿದ್ದು ಹ್ವಾದ ವಾರದ ಊರ್ರಿ" ಎನ್ನುತ್ತಿದ್ದರು. ಹಂಪಿ ಬಜಾರಿಗೆ ಬೆಳಗಾಗುತ್ತಲೇ ಹೋಗಿ, ಸಾಲುಮಂಟಪದ ಒಂದು ಕಂಬಕ್ಕೆ ಬೆನ್ನು ಕೊಟ್ಟು, ಎರಡೇ ನಿಮಿಷಕ್ಕೆ ಎದ್ದು, "ನಡೀರಿ ನಡೀರಿ, ಬಣ್ಣ ಒಣಗ್ತೈತಿ" ಎಂದು ಹೊರಡಿಸುತ್ತಿದ್ದರು. ಬಣ್ಣದ ಡಬ್ಬಿಯ ಮುಚ್ಚಳ ಇನ್ನೂ ತೆಗೆದೇ ಇರುತ್ತಿರಲಿಲ್ಲ. ಅವರ ಹಳೆಯ ಮೊಪೆಡ್ಡಿನ ಹಿಂದೆ ನನ್ನ ಸ್ಕೂಟರ್. ಇಬ್ಬರಿಗೂ ಆತುರವೇ, ಆದರೆ ನನ್ನ ಆತುರ ಕೆಲಸ ಮುಗಿಸಿ ಫೋಟೊ ಕಳಿಸುವುದು, ಅವರದು ಮುಂದಿನ ಊರು ನೋಡುವುದು.

ಸಂಡೂರಿನ ಫಲಕ ಬರೆದ ದಿನ ನೆನೆದರೆ ಈಗಲೂ ನಗು ಬರುತ್ತದೆ. ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಬಿಳಿಯ ಅಕ್ಷರ ಒಣಗುವ ಮೊದಲೇ ಅದರ ಮೇಲೆ ಕೆಂಪು ಧೂಳು. ಅವರು ಒರೆಸಿ ಬರೆದರು, ಮತ್ತೆ ಧೂಳು ಕೂತಿತು. ನಾನು ಛತ್ರಿ ಬಿಚ್ಚಿ ಅಡ್ಡ ಹಿಡಿದೆ. ಒಂದು ಲಾರಿ ಹಾದ ರಭಸಕ್ಕೆ ಛತ್ರಿ ಮೇಲಕ್ಕೆ ಮಗುಚಿಕೊಂಡು ಹೋಗಿ ಬಣ್ಣದ ಡಬ್ಬಿಯ ಮೇಲೆ ಬಿತ್ತು.

"ಮೇಡಮ್ಮೋರ, ಛತ್ರಿಗೂ ಬಣ್ಣ ಹಚ್ಚಬೇಕೇನ್ರಿ? ಅದು ನಮ್ಮ ಲಿಸ್ಟಿನ್ಯಾಗ ಇಲ್ಲಲ್ರಿ!"

ನಾನು ಸಿಟ್ಟಿನಿಂದ, "ನಾಳೆ ಬರೋಣ, ಬಿಡಿ" ಎಂದೆ.

"ನಾಳೆ ಲಾರಿ ಬರಾಂಗಿಲ್ಲೇನು? ಇರ್ಲಿ ಬಿಡ್ರಿ. ಸಂಡೂರಿಗೆ ಬರೋರಿಗೆ ಬೋರ್ಡಿನ್ಯಾಗ ಸಂಡೂರು ಮಣ್ಣು ಕಾಣ್ಲಿ" ಎಂದು ಧೂಳು ಕೂತ ಅಕ್ಷರವನ್ನು ಹಾಗೇ ಬಿಟ್ಟರು. ನಿಜ ಹೇಳುತ್ತೇನೆ, ಅಷ್ಟೂ ಫಲಕಗಳಲ್ಲಿ ಚೆಂದ ಕಂಡದ್ದು ಅದೊಂದೇ.

ಎಡವಟ್ಟಾದದ್ದು ದೂರ ಬರೆಯುವಲ್ಲಿ. ಯಾವ ಊರು ಎಷ್ಟು ಕಿಲೋಮೀಟರ್ ಎಂದು ಕಚೇರಿಯಿಂದ ಒಂದು ಪಟ್ಟಿ ಕೊಟ್ಟಿದ್ದರು. ಬಸ್ ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ ಅಳೆದದ್ದು. ಪೇಂಟರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೇ ವಾಪಸು ಕೊಟ್ಟರು. "ಇದು ಬಸ್ಸಿನ ಲೆಕ್ಕರಿ. ಮನಷ್ಯಾರ್ದಲ್ಲ" ಎಂದರು. ಮರುದಿನ ನನ್ನನ್ನು ಕಂಪ್ಲಿ ಕಡೆಗೆ ಕರೆದುಕೊಂಡು ಹೋದರು. ಬುಕ್ಕಸಾಗರ, ರಾಮಸಾಗರ ದಾಟಿ, ಬಾಳೆ ತೋಟಗಳು ಮುಗಿದು ಕಬ್ಬಿನ ಹೊಲಗಳು ಶುರುವಾಗುವಲ್ಲಿ, ಊರು ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ಮೊಪೆಡ್ ನಿಲ್ಲಿಸಿದರು. ರಸ್ತೆಯ ಅಂಚಿನ ಹುಣಸೆ ಮರದಡಿ ಎರಡು ಕಲ್ಲು ನಿಲ್ಲಿಸಿ, ಮೇಲೊಂದು ಚಪ್ಪಡಿ ಅಡ್ಡ ಹಾಸಿತ್ತು. ನನ್ನ ತಲೆಯೆತ್ತರ. ಬಾಗಿಲಿಲ್ಲದ ಬಾಗಿಲಿನ ಹಾಗಿತ್ತು. ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದರೂ ನಾನದನ್ನು ಕಂಡಿರಲಿಲ್ಲ.

"ಹೊರೆಗಲ್ಲು ಅಂತಾರ್ರಿ ಇದ್ಕ. ನಮ್ಮವ್ವ ಹೊಸಪ್ಯಾಟಿಗೆ ಬಾಳಿ ಎಲಿ ಹೊತ್ಕೊಂಡು ಹೋಗಿ, ಬರೋವಾಗ ಜ್ವಾಳದ ಗಂಟು ಹೊತ್ಕೊಂಡು ಬರ್ತಿದ್ಲು. ತಲಿ ಮ್ಯಾಲಿನ ಹೊರಿ ಇಳಿಸಾಕ ಇನ್ನೊಬ್ರು ಬೇಕಲ್ರಿ? ಒಬ್ಬಾಕಿನ ಇದ್ರ ಏನ್ ಮಾಡಬೇಕು? ಈ ಕಲ್ಲಿನ ಮುಂದ ನಿಂತು ಹಿಂಗ ತಲಿ ಸರಿಸಿದ್ರ ಆತು, ಹೊರಿ ಕಲ್ಲಿನ ಮ್ಯಾಲ. ಯಾರ್ನೂ ಕೇಳಂಗಿಲ್ಲ." ಅವರು ತಲೆ ಬಗ್ಗಿಸಿ ಸರಿಸುವುದನ್ನು ಮಾಡಿ ತೋರಿಸಿದರು. "ಇಲ್ಲಿಗೆ ಬಂದ್ಲು ಅಂದ್ರ ನಮ್ಮವ್ವ 'ಊರು ಬಂತು' ಅಂತಿದ್ಲು. ಮುಂದಿನ ದಾರಿ ಆಕಿ ಲೆಕ್ಕಕ್ಕ ಇಟ್ಟಾಕಿನ ಅಲ್ಲ."

ಹೊಸಪೇಟೆಯ ಹೊರಗೂ ಅಂಥದೊಂದು ಕಲ್ಲಿತ್ತು, ಸಂಡೂರಿನ ದಾರಿಯಲ್ಲೂ ಒಂದು. ಹಂಪಿಗೆ ಬೇಡ, ಅಲ್ಲಿ ಊರ ತುಂಬ ಮಂಟಪಗಳೇ ಎಂದರು. ಹೊರೆಗಲ್ಲಿನಿಂದ ಹೊರೆಗಲ್ಲಿಗೆ ಮೊಪೆಡ್ಡಿನ ಮೀಟರ್ ನೋಡಿ ತಾವೇ ಅಳೆದಿಟ್ಟಿದ್ದರು. ಆ ದೂರವನ್ನೇ ಫಲಕದ ಮೇಲೆ ಬರೆಯುತ್ತೇನೆ ಎಂದರು. ಕಂಪ್ಲಿಯದು ಕಚೇರಿಯ ಪಟ್ಟಿಗಿಂತ ನಾಲ್ಕು ಕಿಲೋಮೀಟರ್ ಕಡಿಮೆ ಬರುತ್ತಿತ್ತು, ಆಚೆಗೆರಡು, ಈಚೆಗೆರಡು.

ನಾನು ಬೇಡ ಎನ್ನಬೇಕಿತ್ತು. ಗಾಡಿಯಲ್ಲಿ ಬರುವವನಿಗೆ ನಾಲ್ಕು ಕಿಲೋಮೀಟರ್ ಎಂದರೆ ನಾಲ್ಕು ಕಿಲೋಮೀಟರೇ, ನಿಮ್ಮ ಅವ್ವನ ಲೆಕ್ಕ ಅವನಿಗೆ ಗೊತ್ತಿರುವುದಿಲ್ಲ ಎಂದು ತಿಳಿಹೇಳಬೇಕಿತ್ತು. ಆದರೆ ಅವತ್ತು ಸಂಜೆಯೊಳಗೆ ನಾಲ್ಕು ಫಲಕದ ಫೋಟೊ ಕಳಿಸಬೇಕಿತ್ತು. ಜೊತೆಗೆ ಆ ಕಥೆ ನನಗೂ ಇಷ್ಟವಾಗಿತ್ತು. "ಬರೀರಿ, ಬರೀರಿ. ಟೇಪ್ ಹಿಡಿದು ಯಾರು ಅಳೆಯೋಕೆ ಬರ್ತಾರೆ?" ಎಂದೆ. ಮಾತು ನನ್ನದೇ. ಅದನ್ನು ಹೇಳಿದಾಗ ಸ್ಕೂಟರಿನ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದೆ ಎಂಬುದೂ ನೆನಪಿದೆ.

ಅಳೆಯೋಕೆ ಬಂದರು. ತಪಾಸಣೆಯ ಅಧಿಕಾರಿ ಕಾರಿನಲ್ಲಿ ಹೊಸಪೇಟೆಯಿಂದ ಹೊರಟು, ಮೀಟರನ್ನು ನೋಡುತ್ತ ನೋಡುತ್ತಲೇ ಬಂದು, ಕಂಪ್ಲಿಯ ಹತ್ತಿರ ಇಳಿದರು. ಪೇಂಟರ್ ಅಲ್ಲೇ ಕೊನೆಯ ಫಲಕಕ್ಕೆ ಅಂಚು ಎಳೆಯುತ್ತಿದ್ದರು.

"ಈ ದೂರ ಯಾರು ಕೊಟ್ಟದ್ದು? ಒಂದಾದರೂ ಪಟ್ಟಿಗೆ ಹೊಂದುತ್ತದೇನ್ರಿ? ನೀವು ನೋಡಲಿಲ್ಲವೇ?" ಎಂದು ಅಧಿಕಾರಿ ನನ್ನನ್ನು ಕೇಳಿದರು.

ನನ್ನ ಗುತ್ತಿಗೆ ಮುಗಿಯಲು ಮೂರು ವಾರ ಉಳಿದಿತ್ತು. ಕಾಯಂ ಮಾಡುವವರ ಪಟ್ಟಿಗೆ ಸಹಿ ಹಾಕಬೇಕಾದವರು ಇದೇ ಅಧಿಕಾರಿ. ಮಾತು ತಡವರಿಸಲಿಲ್ಲ, ಸಲೀಸಾಗಿಯೇ ಹೊರಟಿತು. "ಪಟ್ಟಿ ಕೊಟ್ಟಿದ್ದೆ ಸರ್. ಪೇಂಟರ್ ತಾವೇ ಏನೋ ಬರೆದಿದ್ದಾರೆ. ನನಗೆ ಗೊತ್ತಾಗಲಿಲ್ಲ."

ಆಗ ಅವರ ಎಡಗಾಲು ನಿಂತಿತು. ಅಷ್ಟು ದಿನದಲ್ಲಿ ಅದು ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿ, ಎದ್ದು ನಿಂತು, ಅಧಿಕಾರಿಯ ಮುಖ ನೋಡಿ ಹೇಳಿದರು: "ಹೌದ್ರಿ ಸಾಹೇಬ್ರ. ತಪ್ಪು ನಂದ ಐತಿ. ಮೇಡಮ್ಮೋರಿಗೆ ಗೊತ್ತಿಲ್ಲ."

ಹೊರೆಗಲ್ಲಿನ ಮಾತನ್ನು ಅವರು ಎತ್ತಲೇ ಇಲ್ಲ. ಎತ್ತಿದ್ದರೆ ಅದನ್ನು ನನಗೂ ತೋರಿಸಿದ್ದು ಹೊರಗೆ ಬೀಳುತ್ತಿತ್ತು. ಅಧಿಕಾರಿ, ಅನಕ್ಷರಸ್ಥರ ಕೈಗೆ ಕೊಟ್ಟರೆ ಹೀಗೇ ಆಗುತ್ತದೆ ಎಂದು ಇಂಗ್ಲಿಷಿನಲ್ಲಿ ಗೊಣಗಿ ಕಾರು ಹತ್ತಿದರು. ಅಷ್ಟು ಅಕ್ಷರ ಬರೆದವರ ಮುಂದೆ ನಿಂತು ಅನಕ್ಷರಸ್ಥ ಎಂದರು. ನಾನು ಮುಂದೆ ಹೋಗಿ ಅವರ ಕಾರಿನ ಬಾಗಿಲು ಹಾಕಿದೆ.

ಆ ವಾರವೇ ಫಲಕಗಳನ್ನು ಕಿತ್ತರು. ಸ್ಟಿಕರಿನ ಫಲಕ ಬಂದವು. ಇಡೀ ರಸ್ತೆಗೆ ಕೈಬರಹ ಎಂಬ ಮಾತು ಅಲ್ಲಿಗೆ ಮುಗಿಯಿತು. ಮುಂದಿನ ತಿಂಗಳು ನಾನು ಕಾಯಂ ಆದೆ. ಮನೆಯಲ್ಲಿ ಹೋಳಿಗೆ ಮಾಡಿದ್ದರು. ನಾನು ಒಂದನ್ನೂ ಮುಟ್ಟದೆ, ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಎದ್ದೆ.

ಆಮೇಲೆ ಅವರು ಎಷ್ಟೋ ಸಲ ಎದುರಾದರು. ಹೊಸಪೇಟೆಯ ಪೇಟೆ ಬೀದಿಯಲ್ಲಿ, ತೋರಣಗಲ್ಲಿನ ಫ್ಯಾಕ್ಟರಿ ಬಸ್ಸುಗಳು ನಿಲ್ಲುವ ಕಡೆ. "ಬರ್ರಿ ಮೇಡಮ್ಮೋರ, ಚಾ ಕುಡೀರಿ, ಆರಾಮ ಅದೀರಿಲ್ಲೋ?" ಎಂದು ಮೊದಲಿನಂತೆಯೇ ಕರೆಯುತ್ತಿದ್ದರು. ಕಾಲು ಮೊದಲಿನಂತೆಯೇ ಬಡಿಯುತ್ತಿತ್ತು. ಅವರು ಒಮ್ಮೆ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುವುದು, ಚಹಾ ಮುಗಿಯುವುದರೊಳಗೆ ಏನೋ ಕೆಲಸದ ನೆಪ ಹೇಳಿ ಎದ್ದು ಓಡುವುದು. ಸುಮಾರು ನಾಲ್ಕು ವರ್ಷ ಹೀಗೇ ಓಡಿದೆ.

ಕೊನೆಗೆ ಅವರಿಗೆ ಹುಷಾರಿಲ್ಲ ಎಂದು ಕೇಳಿ ಮನೆಗೆ ಹೋದೆ. ಹಿತ್ತಲಲ್ಲಿ ಆಡುಗಳ ಗೂಡಿಗೆ ಹೊದಿಸಿದ್ದ ತಗಡುಗಳನ್ನು ನೋಡಿ ನಿಂತುಬಿಟ್ಟೆ. ಅವತ್ತು ಕಿತ್ತೆಸೆದ ನಮ್ಮ ಫಲಕಗಳೇ. 'ಕಂಪ್ಲಿ' ಎಂಬುದು ತಲೆಕೆಳಗಾಗಿ ಕಾಣುತ್ತಿತ್ತು. ಅದರಡಿ ಒಂದು ಮರಿ ಮಲಗಿತ್ತು. ಒಳಗೆ ಅವರು ಹೊರಸಿನ ಮೇಲೆ ಒರಗಿದ್ದರು. ಮೈಯೆಲ್ಲ ಇಳಿದುಹೋಗಿತ್ತು. ಕಾಲು ಮಾತ್ರ ಹೊದಿಕೆಯಡಿ ಸಣ್ಣಗೆ ಆಡುತ್ತಿತ್ತು.

"ಅವತ್ತು ಕಂಪ್ಲಿ ಹತ್ತಿರ ನಾನು..." ಎಂದು ಶುರುಮಾಡಿದೆ.

"ಬ್ಯಾಡ್ರಿ" ಎಂದರು. "ನಿಮಗೂ ಹೊಟ್ಟಿಪಾಡು. ಹೋಗ್ಲಿ ಬಿಡ್ರಿ. ಒಂದ್ ಮಾತು ಕೇಳ್ರಿ. ಆ ರೋಡ್ ಅಗಲ ಮಾಡ್ತಾರಂತ. ನಮ್ಮ ಹೊರೆಗಲ್ಲು ಅಂಚಿನ್ಯಾಗ ಐತಿ, ಜೇಸಿಬಿ ತಂದು ಎತ್ತಿ ಒಗೀತಾರ. ನೀವು ಆಫೀಸಿನ್ಯಾಗ ಅದೀರಿ, ಒಂದ್ ಮಾತು ಹೇಳ್ರಿ."

ಹೇಳುತ್ತೇನೆ ಎಂದೆ. ಅವರು ನನ್ನನ್ನೇ ದಿಟ್ಟಿಸಿ ನೋಡಿದರು. "ಹೇಳ್ತೀರೇನ್ರಿ?" ಎಂದು ಮತ್ತೊಮ್ಮೆ ಕೇಳಿದರು. ಅಷ್ಟೂ ವರ್ಷಗಳಲ್ಲಿ ಅವರು ನನ್ನ ಮಾತಿನ ಮೇಲೆ ಅನುಮಾನ ತೋರಿಸಿದ್ದು ಆ ಒಂದೇ ಸಲ. ಅದು ನನಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು.

ಹದಿನೈದು ದಿನಕ್ಕೆ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಕಿರುಬೆರಳಿನ ಉಗುರಿನ ಹಳದಿ ಸ್ನಾನ ಮಾಡಿಸಿದರೂ ಹೋಗಿರಲಿಲ್ಲ.

ರಸ್ತೆ ಅಗಲದ ಅಳತೆಗೆ ಹೊಸ ಅಧಿಕಾರಿ ಬಂದಾಗ ನಾನೇ ಜೊತೆಗೆ ಹೋದೆ. ಹುಣಸೆ ಮರಕ್ಕೆ ಆಗಲೇ ಕಡಿಯುವ ಗುರುತು ಹಾಕಿದ್ದರು. ಅಧಿಕಾರಿ ಕಲ್ಲನ್ನು ತೋರಿಸಿ, "ಇದೇನಿದು? ಉಳಿಸಬೇಕಾದವುಗಳ ಪಟ್ಟಿಯಲ್ಲಿ ಇಲ್ಲವಲ್ಲ, ತೆಗೆಸಿಬಿಡೋಣವೇ?" ಎಂದರು.

"ಹೊರೆಗಲ್ಲು ಸರ್. ಇದು ನನಗೆ ನಾಲ್ಕು ವರ್ಷದಿಂದ ಗೊತ್ತು. ಪಟ್ಟಿಗೆ ಸೇರಿಸದೆ ಇದ್ದದ್ದು ನನ್ನ ತಪ್ಪು" ಎಂದೆ. ಅಲ್ಲೇ ನಿಂತು, ನಿಲ್ಲಿಸಿದ ಕಲ್ಲಿಗೆ ಕಾಗದ ಒತ್ತಿಹಿಡಿದು ಬರೆದು, ಸಹಿ ಹಾಕಿ ಕೊಟ್ಟೆ. ಮೊದಲು ಪೇಂಟರ್ ಅಳೆದ ದೂರಗಳ ವಿಷಯ, ಅವನ್ನು ಬರೆಯಲು ನಾನೇ ಹೇಳಿದ್ದು, ಆಮೇಲೆ ಗೊತ್ತಿಲ್ಲ ಎಂದದ್ದು, ಎಲ್ಲವನ್ನೂ ಬರೆದೆ. ಅಧಿಕಾರಿ ಓದಿ, "ಇಷ್ಟೆಲ್ಲ ಯಾಕಮ್ಮ, ಕಲ್ಲಿನ ಅಳತೆ ಕೊಟ್ಟರೆ ಸಾಕಿತ್ತು" ಎಂದು ನಕ್ಕರು. ಅವರಿಗೆ ಅದು ಬೇಕಿರಲಿಲ್ಲ. ಬೇಕಾಗಿದ್ದವರು ಇರಲಿಲ್ಲ.

ಮರ ಹೋಯಿತು. ಕಲ್ಲನ್ನು ಎಂಟು ಅಡಿ ಹಿಂದಕ್ಕೆ ಸರಿಸಿ ನಿಲ್ಲಿಸಿದರು. ಕೆಲಸದ ಮೇಲೆ ಕಂಪ್ಲಿಗೆ ಹೋಗುವಾಗೆಲ್ಲ ಈಗ ಅಲ್ಲಿ ಜೀಪು ನಿಲ್ಲಿಸುತ್ತೇನೆ. ಹೋದ ವಾರ ಹೊಸ ಡ್ರೈವರ್ ಕೇಳಿದ, "ಮೇಡಂ, ಕಂಪ್ಲಿ ಇನ್ನೂ ಎರಡು ಕಿಲೋಮೀಟರ್ ಐತಲ್ರಿ, ಇಲ್ಲ್ಯಾಕ ನಿಲ್ಸಾದು?"

"ಬಂತಪ್ಪ ಊರು" ಎಂದು ಇಳಿದೆ.